ಗಾಳಿಯ ವಿಷಕ್ಕೆ ಬೆಳಕಿನ ಸಾಕ್ಷಿ

ಅನ್ನವನ್ನು ಆರಿಸಿ ಉಣ್ಣಬಹುದು, ನೀರನ್ನು ಸೋಸಿ ಕುಡಿಯಬಹುದು. ಗಾಳಿಯ ಮಟ್ಟಿಗೆ ಮಾತ್ರ ಮನುಷ್ಯನಿಗೆ ಆಯ್ಕೆಯೆಂಬುದಿಲ್ಲ. ತಾನು ನಿಂತ ನೆಲದ ಮೇಲೆ ಆ ಕ್ಷಣಕ್ಕೆ ಯಾವ ಗಾಳಿಯಿದೆಯೋ ಅದನ್ನೇ ಅವನು ಒಳಗೆ ಸೆಳೆದುಕೊಳ್ಳಬೇಕು. ಹಗಲುರಾತ್ರಿ ಕೂಡಿ ಮನುಷ್ಯನು ೨೧,೬೦೦ ಸಲ ಉಸಿರಾಡುತ್ತಾನೆಂದು ನಮ್ಮ ಯೋಗಶಾಸ್ತ್ರ ಲೆಕ್ಕ ಹಾಕಿದೆ. ನಿಮಿಷಕ್ಕೆ ಹದಿನೈದರಂತೆ ಬರುವ ಈ ಎಣಿಕೆಯು ಇಂದಿನ ವೈದ್ಯಶಾಸ್ತ್ರ ಹೇಳುವ ಹನ್ನೆರಡರಿಂದ ಇಪ್ಪತ್ತರ ಮಿತಿಯೊಳಗೇ ಇದೆ. ಇಷ್ಟು ಸಲ ಒಳಹೋಗುವ ಗಾಳಿಯಲ್ಲಿ ವಿಷದ ಒಂದು ಎಳೆ ಬೆರೆತಿದ್ದರೆ ಅದನ್ನು ಅರಿಯುವ ಬಗೆ ಯಾವುದು? ಭೌತವಿಜ್ಞಾನವು ಈ ಪ್ರಶ್ನೆಗೆ ಲೇಸರ್ ಬೆಳಕಿನ ಮೂಲಕ ಒಂದು ಉತ್ತರವನ್ನು ಕಂಡುಕೊಂಡಿದೆ. ಅದನ್ನು ನಮ್ಮ ರಾಯಚೂರು ಸೀಮೆಯ ನಿದರ್ಶನಗಳೊಡನೆ ವಿದ್ಯಾರ್ಥಿಗಳಿಗೆ ತಿಳಿಸಿಕೊಡುವುದೇ ಈ ಲೇಖನದ ಉದ್ದೇಶ.

ಕೃಷ್ಣೆ ತುಂಗಭದ್ರೆಯರ ನಡುವಿನ ಈ ನಾಡು ಬಹುಕಾಲದಿಂದ ಚಿನ್ನದ ಸೀಮೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯ ಗಣಿಯು ದೇಶದ ಪ್ರಮುಖ ಚಿನ್ನದ ಗಣಿಯೆಂದು ಹೆಸರಾಗಿದೆ. ದೇವದುರ್ಗ ತಾಲ್ಲೂಕಿನ ಊಟಿ, ಮಾನ್ವಿ ಸೀಮೆಯ ಹೀರಾಬುದ್ದಿನ್ನಿ ಇವೂ ಅದೇ ಕಂಪನಿಯ ಗಣಿಗಳು. ಅದಿರಿನಲ್ಲಿ ಚಿನ್ನವು ಕಣ್ಣಿಗೆ ಕಾಣುವಂತೆ ಇರುವುದಿಲ್ಲ. ಒಂದು ಟನ್ನು ಕಲ್ಲಿನಲ್ಲಿ ಕೆಲವೇ ಗ್ರಾಂ ಚಿನ್ನ ಅಡಗಿರುತ್ತದೆ. ಅಷ್ಟು ಅಲ್ಪವಾದುದನ್ನು ಬೇರ್ಪಡಿಸುವ ಉಪಾಯವನ್ನು ೧೮೮೭ರಲ್ಲಿ ಸ್ಕಾಟ್ಲೆಂಡಿನ ಮ್ಯಾಕ್‌ಆರ್ಥರ್ ಮತ್ತು ಫಾರೆಸ್ಟ್ ಸಹೋದರರು ಕಂಡುಹಿಡಿದರು. ನುಣ್ಣಗೆ ಅರೆದ ಅದಿರನ್ನು ಸೋಡಿಯಂ ಸಯನೈಡಿನ ತಿಳಿಯಾದ ದ್ರಾವಣದಲ್ಲಿ ಕಲಕುತ್ತ ಗಾಳಿಯಾಡಿಸಿದರೆ, ಸುಲಭವಾಗಿ ಯಾವುದಕ್ಕೂ ಬಗ್ಗದ ಚಿನ್ನವು ಆ ದ್ರಾವಣದಲ್ಲಿ ಕರಗಿಬಿಡುತ್ತದೆ. ಜಗತ್ತಿನ ಚಿನ್ನದ ಗಿರಣಿಗಳಲ್ಲಿ ಬಹುಪಾಲು ಇಂದಿಗೂ ಇದೇ ಮಾರ್ಗವನ್ನು ಅನುಸರಿಸುತ್ತವೆ.

ಈ ದ್ರಾವಣಕ್ಕೆ ಸುಣ್ಣ ಸೇರಿಸಿ ಅದನ್ನು ಸದಾ ಕ್ಷಾರವಾಗಿ ಇಡಬೇಕಾಗುತ್ತದೆ. ಕ್ಷಾರತೆಯ ಅಳತೆಯಾದ ಪಿಎಚ್ ಹತ್ತಕ್ಕಿಂತ ಮೇಲಿದ್ದರೆ ಸಯನೈಡು ಬಹುಮಟ್ಟಿಗೆ ನೀರಿನಲ್ಲಿಯೇ ಉಳಿಯುತ್ತದೆ. ಅದು ೯.೨ಕ್ಕೆ ಇಳಿದರೆ ಅರ್ಧದಷ್ಟು ಸಯನೈಡು ಹೈಡ್ರೋಜನ್ ಸಯನೈಡ್ ಎಂಬ ರೂಪಕ್ಕೆ ತಿರುಗುತ್ತದೆ. ಈ ವಸ್ತು ಸುಮಾರು ೨೬ ಡಿಗ್ರಿ ಉಷ್ಣದಲ್ಲಿಯೇ ಕುದಿಯುವಂಥದು. ಬೇಸಗೆಯಲ್ಲಿ ೪೦ ಡಿಗ್ರಿ ದಾಟುವ ನಮ್ಮ ಜಿಲ್ಲೆಯಲ್ಲಿ ಅದು ಆವಿಯಾಗಿ ಏಳಲು ತಡವೇನೂ ಬೇಕಿಲ್ಲ. ಒಳಹೊಕ್ಕ ಆವಿಯು ನಮ್ಮ ಜೀವಕೋಶಗಳು ಆಮ್ಲಜನಕವನ್ನು ಬಳಸುವ ಶಕ್ತಿಯನ್ನೇ ಕಟ್ಟಿಹಾಕುತ್ತದೆ. ನೆತ್ತರಿನಲ್ಲಿ ಆಮ್ಲಜನಕ ತುಂಬಿದ್ದರೂ ದೇಹವು ಉಸಿರುಕಟ್ಟಿದವನಂತೆ ಸಾಯುತ್ತದೆ. ಆದುದರಿಂದಲೇ ಇಂಥ ಗಿರಣಿಗಳಲ್ಲಿ ಕ್ಷಾರತೆಯ ಕಾವಲೂ ಗಾಳಿಯ ಕಾವಲೂ ಎರಡೂ ಅನಿವಾರ್ಯ.

ಗಣಿಯೊಂದೇ ಅಲ್ಲ, ವಿಷದ ಆವಿಯು ಮನುಷ್ಯನ ಉಸಿರಿನ ಹತ್ತಿರ ಸುಳಿಯುವ ಬೇರೆ ಎಡೆಗಳೂ ನಮ್ಮ ಸುತ್ತ ಇವೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಮಾನ್ವಿಯನ್ನು ಭತ್ತದ ಕಣಜವಾಗಿಸಿತು. ಭತ್ತ ಬಂದಲ್ಲಿ ಅಕ್ಕಿ ಗಿರಣಿಗಳೂ ಗೋದಾಮುಗಳೂ ಬಂದವು. ದಾಸ್ತಾನಿಟ್ಟ ಧಾನ್ಯಕ್ಕೆ ಹುಳು ಹತ್ತದಂತೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯು ಗಾಳಿಯ ತೇವವನ್ನು ಹೀರಿ ಫಾಸ್ಫೀನ್ ಎಂಬ ಅನಿಲವನ್ನು ಬಿಡುತ್ತದೆ. ಅದು ಹುಳುವನ್ನು ಕೊಲ್ಲುವಷ್ಟೇ ಸುಲಭವಾಗಿ ಪಕ್ಕದ ಕೋಣೆಯಲ್ಲಿ ಮಲಗಿದ ಹಮಾಲನನ್ನೂ ಕೊಲ್ಲಬಲ್ಲುದು. ದೇವದುರ್ಗದ ಹತ್ತಿಯ ಹೊಲಗಳಲ್ಲಿ ಕೀಟನಾಶಕದ ಸಿಂಪಡಣೆಯಿದೆ. ರಾಯಚೂರಿನಂಥ ನಗರಗಳ ಒಳಚರಂಡಿಗಳಲ್ಲಿ, ಮುಚ್ಚಿದ ಮಲಗುಂಡಿಗಳಲ್ಲಿ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ೧೯೮೫ರಲ್ಲಿ ಮೊದಲ ಘಟಕ ಆರಂಭವಾದ ಶಕ್ತಿನಗರದ ಉಷ್ಣವಿದ್ಯುತ್ ಸ್ಥಾವರದಂಥ ಕಡೆ, ಕಲ್ಲಿದ್ದಲು ಉರಿದಾಗ ಗಂಧಕದ ಮತ್ತು ಸಾರಜನಕದ ಆಕ್ಸೈಡುಗಳು ಹೊಗೆಯೊಡನೆ ಏಳುತ್ತವೆ.

ವಾಸನೆ ಬಂದರೆ ತಿಳಿಯದೇ ಎಂದು ಕೇಳುವವರುಂಟು. ಇದು ಪ್ರಾಣಕ್ಕೆ ಎರವಾಗುವ ನಂಬಿಕೆ. ಹೈಡ್ರೋಜನ್ ಸಯನೈಡಿಗೆ ಕಹಿ ಬಾದಾಮಿಯ ವಾಸನೆಯಿದೆ. ಆದರೆ ಆ ವಾಸನೆಯನ್ನು ಗುರುತಿಸುವ ಶಕ್ತಿಯೇ ಹುಟ್ಟಿನಿಂದ ಇಲ್ಲದ ಜನ ಗಣನೀಯ ಸಂಖ್ಯೆಯಲ್ಲಿದ್ದಾರೆ. ಹೈಡ್ರೋಜನ್ ಸಲ್ಫೈಡಿನ ಕೊಳೆತ ಮೊಟ್ಟೆಯ ನಾತ ಅಲ್ಪ ಪ್ರಮಾಣದಲ್ಲಿಯೇ ಮೂಗಿಗೆ ಹೊಡೆಯುತ್ತದೆ. ಪ್ರಮಾಣ ಹೆಚ್ಚಿದಾಗ ಅದು ಘ್ರಾಣದ ನರವನ್ನೇ ಮಂಕಾಗಿಸುವುದರಿಂದ ನಾತ ನಿಂತುಹೋಗುತ್ತದೆ. ಗುಂಡಿಗೆ ಇಳಿದವನು ಅಪಾಯ ಕಳೆಯಿತೆಂದು ತಿಳಿದ ಗಳಿಗೆಯೇ ಅವನ ಕಡೆಯ ಗಳಿಗೆಯಾಗುತ್ತದೆ. ಫಾಸ್ಫೀನಿನ ಬೆಳ್ಳುಳ್ಳಿಯಂಥ ವಾಸನೆಯು ಅಪಾಯದ ಮಿತಿಯನ್ನು ದಾಟಿದ ಮೇಲೂ ಕೆಲವರಿಗೆ ತಿಳಿಯದೇ ಹೋಗಬಹುದು. ಇಂಗಾಲದ ಮಾನಾಕ್ಸೈಡಿಗಂತೂ ವಾಸನೆಯೇ ಇಲ್ಲ. ಹೀಗೆ ಮೂಗು ಎಲ್ಲಿ ಸಾಕ್ಷಿ ನುಡಿಯಬೇಕೋ ಅಲ್ಲಿಯೇ ಮೌನವಾಗುತ್ತದೆ.

ಇನ್ನು ಅಳತೆಯ ವಿಷಯ. ಗಾಳಿಯಲ್ಲಿನ ವಿಷವನ್ನು ದಶಲಕ್ಷಕ್ಕೆ ಎಷ್ಟು ಪಾಲು ಎಂದು ಎಣಿಸುವುದು ರೂಢಿ. ಸಾವಿರ ಭತ್ತದ ಕಾಳಿನ ತೂಕ ಇಪ್ಪತ್ತು ಗ್ರಾಂ ಎಂದಿಟ್ಟುಕೊಂಡರೆ ಹತ್ತು ಲಕ್ಷ ಕಾಳು ಇಪ್ಪತ್ತು ಕಿಲೋ ಆಗುತ್ತದೆ. ಆ ಇಪ್ಪತ್ತು ಕಿಲೋ ರಾಶಿಯಲ್ಲಿ ಒಂದೇ ಒಂದು ಜೊಳ್ಳು ಕಾಳಿದ್ದರೆ ಅದು ದಶಲಕ್ಷಕ್ಕೆ ಒಂದು ಪಾಲು. ಹೈಡ್ರೋಜನ್ ಸಯನೈಡಿಗೆ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ಸೂಚಿಸಿರುವ ಅಲ್ಪಕಾಲದ ಮಿತಿ ೪.೭ ಪಾಲು, ೫೦ ಪಾಲು ಇದ್ದಲ್ಲಿ ಪ್ರಾಣಾಪಾಯ ಸನ್ನಿಹಿತವೆಂದು ಅದು ಎಣಿಸುತ್ತದೆ, ೩೦೦ ಪಾಲು ಕೆಲವೇ ನಿಮಿಷಗಳಲ್ಲಿ ಕೊಲ್ಲುತ್ತದೆ. ಫಾಸ್ಫೀನಿಗೆ ಬಹುಕಾಲದಿಂದ ಬಳಕೆಯಲ್ಲಿರುವ ಮಿತಿ ೦.೩ ಪಾಲು, ಅಂದರೆ ಸುಮಾರು ಅರವತ್ತೇಳು ಕಿಲೋ ಭತ್ತದ ರಾಶಿಯಲ್ಲಿ ಒಂದೇ ಜೊಳ್ಳು. ಅಪಾಯಕ್ಕೆ ಎಷ್ಟೋ ಮೊದಲೇ ಎಚ್ಚರಿಸಬೇಕಾದರೆ ಉಪಕರಣವು ಶತಕೋಟಿಗೆ ಕೆಲವು ಪಾಲುಗಳನ್ನು ಗುರುತಿಸಬೇಕು. ಅದು ಎರಡು ಲಾರಿ ತುಂಬುವ ಇಪ್ಪತ್ತು ಟನ್ನು ಭತ್ತದಲ್ಲಿ ಕೆಲವೇ ಕಾಳುಗಳನ್ನು ಆರಿಸಿ ತೆಗೆದಂತೆ.

ಈ ಆರಿಸುವ ಕೆಲಸಕ್ಕೆ ಹಿಂದೆ ಬಗೆಬಗೆಯ ಉಪಾಯಗಳಿದ್ದವು. ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಲ್ಲಿ ೧೯೮೦ರ ದಶಕದವರೆಗೂ ಪಂಜರದ ಹಕ್ಕಿಯನ್ನು ಒಯ್ಯುತ್ತಿದ್ದರು. ಹಕ್ಕಿ ಕುಸಿದರೆ ಕಾರ್ಮಿಕರು ಮೇಲಕ್ಕೆ ಓಡುತ್ತಿದ್ದರು. ಈಗ ಜೇಬಿನಲ್ಲಿಡುವ ವಿದ್ಯುದ್ರಾಸಾಯನಿಕ ಮಾಪಕಗಳು ಬಳಕೆಯಲ್ಲಿವೆ. ಅವು ಅಗ್ಗ, ಉಪಯುಕ್ತ. ಅನೇಕ ಜೀವಗಳನ್ನು ಉಳಿಸಿವೆ. ಆದರೆ ಒಂದು ಅನಿಲಕ್ಕಾಗಿ ಮಾಡಿದ ಮಾಪಕವು ಮತ್ತೊಂದು ಅನಿಲಕ್ಕೂ ಓಗೊಡುವುದುಂಟು. ಅದರೊಳಗಿನ ದ್ರವವು ಒಣ ಸೆಕೆಯಲ್ಲಿ ಆರುತ್ತದೆ. ಕೆಲವು ವರ್ಷಗಳಲ್ಲಿ ಅದರ ಶಕ್ತಿ ಕುಂದುತ್ತದೆ. ಯಾವ ಅಣು ಎಂಬುದನ್ನು ತಪ್ಪಿಲ್ಲದೆ ಹೇಳಬಲ್ಲ ಸಾಕ್ಷಿ ಬೇಕಾದರೆ ನಾವು ಬೆಳಕಿನ ಬಳಿಗೆ ಹೋಗಬೇಕು.

ಬೆಳಕನ್ನು ಬಿಡಿಸಿ ವಸ್ತುವನ್ನು ಗುರುತಿಸುವ ಶಾಸ್ತ್ರಕ್ಕೆ ರೋಹಿತಶಾಸ್ತ್ರವೆಂದು ಹೆಸರು. ಪಟ್ಟಕದ ಮೂಲಕ ಹಾಯ್ದ ಬೆಳಕು ಕಾಮನಬಿಲ್ಲಿನಂತೆ ಹರಡಿಕೊಳ್ಳುವ ಪಟ್ಟಿಯೇ ರೋಹಿತ. ಒಂದೊಂದು ಮೂಲವಸ್ತುವಿಗೂ ಅದರದೇ ಆದ ಗೆರೆಗಳು ಈ ಪಟ್ಟಿಯಲ್ಲಿ ಮೂಡುತ್ತವೆಂಬುದನ್ನು ೧೮೫೯–೬೦ರಲ್ಲಿ ಜರ್ಮನಿಯ ಕಿರ್ಖಾಫ್ ಮತ್ತು ಬುನ್ಸೆನ್ ಸ್ಥಾಪಿಸಿದರು. ಈ ಶಾಸ್ತ್ರದ ಬಾಲ್ಯದ ಒಂದು ಮಹತ್ವದ ಘಟನೆಗೆ ಕನ್ನಡ ನೆಲವೂ ವೇದಿಕೆಯಾಯಿತೆಂಬುದು ನಮಗೆ ಹೆಮ್ಮೆಯ ಸಂಗತಿ. ೧೮೬೮ರ ಆಗಸ್ಟ್ ೧೮ರಂದು ಖಗ್ರಾಸ ಸೂರ್ಯಗ್ರಹಣದ ನೆರಳು ದಖ್ಖನಿನ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ, ನಮ್ಮ ರಾಯಚೂರು ಸೀಮೆಯನ್ನೂ ಒಳಗೊಂಡು, ಹಾದುಹೋಯಿತು. ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್, ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ ರೋಹಿತದರ್ಶಕಗಳನ್ನು ಹಿಡಿದು ಕಾದಿದ್ದರು. ಮೋಡಗಳ ಸಂದಿನಲ್ಲಿ ಹರ್ಷೆಲ್ ಸೂರ್ಯನ ಅಂಚಿನ ಜ್ವಾಲೆಯಲ್ಲಿ ಪ್ರಕಾಶಮಾನವಾದ ಗೆರೆಗಳನ್ನು ಕಂಡರು. ಆ ಕಾಲದ ವೀಕ್ಷಣೆಗಳಲ್ಲಿ ಕಂಡ ಹಳದಿ ಗೆರೆಯೊಂದು ಹೀಲಿಯಂ ಎಂಬ ಹೊಸ ಮೂಲವಸ್ತುವಿನದೆಂದು ಮುಂದೆ ತಿಳಿದುಬಂದಿತು. ಹದಿನೈದು ಕೋಟಿ ಕಿಲೋಮೀಟರ್ ದೂರದ ವಸ್ತುವನ್ನು ಮುಟ್ಟದೆ, ಮೂಸದೆ, ಬೆಳಕಿನಿಂದಲೇ ಗುರುತಿಸಿದ ಉಪಾಯವೇ ಇಂದು ಗಿರಣಿಯ ಗಾಳಿಯನ್ನು ಪರೀಕ್ಷಿಸುತ್ತಿದೆ.

ಅಣುಗಳು ಬೆಳಕನ್ನು ಹೇಗೆ ಆರಿಸಿಕೊಳ್ಳುತ್ತವೆಂಬುದನ್ನು ತಿಳಿಯಲು ತತ್ವಪದ ಹಾಡುವವರ ಏಕತಾರಿಯನ್ನು ನೆನೆಯೋಣ. ಬಿಗಿದ ತಂತಿಗೆ ಒಂದೇ ಸ್ವರ. ಅದೇ ಸ್ವರ ಹತ್ತಿರದಲ್ಲಿ ಹೊಮ್ಮಿದರೆ ಮೀಟದಿದ್ದರೂ ತಂತಿ ಮಿಡಿಯುತ್ತದೆ. ಬೇರೆ ಸ್ವರಕ್ಕೆ ಸುಮ್ಮನಿರುತ್ತದೆ. ಅಣುವಿನಲ್ಲಿ ಪರಮಾಣುಗಳನ್ನು ಹಿಡಿದಿರುವ ಬಂಧಗಳೂ ಇಂಥ ತಂತಿಗಳೇ. ಹೈಡ್ರೋಜನ್ ಸಯನೈಡಿನಲ್ಲಿ ಹೈಡ್ರೋಜನ್ನಿಗೂ ಇಂಗಾಲಕ್ಕೂ ನಡುವಿನ ಬಂಧವು ಸೆಕೆಂಡಿಗೆ ಸುಮಾರು ಒಂದು ಕೋಟಿ ಕೋಟಿ ಸಲ ಹಿಗ್ಗಿ ಕುಗ್ಗುತ್ತದೆ. ಅದಕ್ಕೆ ಸರಿಹೊಂದುವ ಬೆಳಕು ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕು. ಅದರ ತರಂಗದೂರ ಸುಮಾರು ೩ ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದ ಮೂರು ಪಾಲು. ಇದರ ಅರ್ಧದಷ್ಟು, ೧.೫೩ ಮೈಕ್ರಾನಿನ ಸುತ್ತ, ಆ ಅಣು ಮತ್ತೊಮ್ಮೆ, ಬಹಳ ಕ್ಷೀಣವಾಗಿ, ಬೆಳಕನ್ನು ಹೀರುತ್ತದೆ. ಹೀರಿದ ಗೆರೆಗಳು ಬೆರಳಚ್ಚಿನಂತೆ ಆ ಅಣುವಿಗೇ ವಿಶಿಷ್ಟ.

ಗೆರೆಗಳಿದ್ದರೆ ಸಾಲದು, ಅವುಗಳನ್ನು ಓದುವ ಬೆಳಕು ಬೇಕು. ಸಾಮಾನ್ಯ ದೀಪದ ಬೆಳಕು ಜಾತ್ರೆಯ ಗದ್ದಲದಂತೆ. ಅದರಲ್ಲಿ ಎಲ್ಲ ತರಂಗಗಳೂ ಒಟ್ಟಿಗೆ ಕೂಗುತ್ತವೆ. ಅಣುವಿನ ಒಂದು ಗೆರೆ ಅಲ್ಲಿ ಕಳೆದುಹೋದರೆ ಯಾರಿಗೂ ಗೊತ್ತಾಗದು. ಮೇಲಾಗಿ ಗಾಳಿಯಲ್ಲಿರುವ ನೀರಿನ ಆವಿಯೂ ಇಂಗಾಲದ ಡೈಆಕ್ಸೈಡೂ ತಮ್ಮ ಗೆರೆಗಳಿಂದ ಅದನ್ನು ಮುಚ್ಚಿಹಾಕುತ್ತವೆ. ೧೯೬೦ರಲ್ಲಿ ಅಮೆರಿಕದ ಥಿಯೋಡರ್ ಮೈಮನ್ ಮೊದಲ ಲೇಸರನ್ನು ಬೆಳಗಿಸಿದಾಗ ಒಂದೇ ಸ್ವರದ ಬೆಳಕು ಮನುಷ್ಯನ ಕೈಗೆ ಬಂತು. ಮುಂದೆ ಬಂದ ಅರೆವಾಹಕ ಲೇಸರುಗಳಲ್ಲಿ ಹರಿಯುವ ವಿದ್ಯುತ್ತನ್ನು ತುಸು ಹೆಚ್ಚು ಕಡಿಮೆ ಮಾಡಿದರೆ ಸಾಕು, ತರಂಗದೂರವು ತಂತಿಯ ಬಿರಡೆ ತಿರುಗಿಸಿದಂತೆ ಬದಲಾಗುತ್ತದೆ. ಹೀಗೆ ಲೇಸರನ್ನು ಅಣುವಿನ ಗೆರೆಯ ಈಚೆಯಿಂದ ಆಚೆಗೆ ಮತ್ತೆ ಮತ್ತೆ ಹಾಯಿಸುತ್ತಾರೆ. ಗೆರೆಯ ಮೇಲೆ ಬಂದಾಗ ಬೆಳಕು ಕುಗ್ಗಿ, ದಾಟಿದೊಡನೆ ಹಿಗ್ಗಿದರೆ ಆ ಅಣು ಅಲ್ಲಿ ಇದೆಯೆಂದೇ ಅರ್ಥ. ಎಷ್ಟು ಕುಗ್ಗಿತೆಂಬುದರಿಂದ ಎಷ್ಟಿದೆಯೆಂಬುದೂ ತಿಳಿಯುತ್ತದೆ. ಧೂಳಾದರೋ ಗೆರೆಯ ಮೇಲೂ ಪಕ್ಕದಲ್ಲೂ ಬೆಳಕನ್ನು ಒಂದೇ ಸಮನಾಗಿ ತಡೆಯುವುದರಿಂದ ಅದರ ಮೋಸವೂ ಬಯಲಾಗುತ್ತದೆ.

ಇಲ್ಲಿ ಒಂದು ಸ್ವಾರಸ್ಯವಿದೆ. ದೂರವಾಣಿಯ ಮಾತನ್ನೂ ಅಂತರ್ಜಾಲದ ಸುದ್ದಿಯನ್ನೂ ಹೊತ್ತು ನಮ್ಮ ರಸ್ತೆಗಳ ಪಕ್ಕದ ನೆಲದೊಳಗೆ ಹರಿಯುವ ಗಾಜಿನ ಎಳೆಗಳಲ್ಲಿ ಓಡುವ ಬೆಳಕೂ ಬಹುಮಟ್ಟಿಗೆ ಇದೇ ೧.೫ ಮೈಕ್ರಾನಿನ ಆಸುಪಾಸಿನದು. ಆ ಉದ್ಯಮಕ್ಕಾಗಿ ಅಪಾರ ಸಂಖ್ಯೆಯಲ್ಲಿ ತಯಾರಾದ ಸಣ್ಣ ಲೇಸರುಗಳು ಸಯನೈಡಿನ ಗೆರೆಗಳನ್ನು ಓದಲೂ ಒದಗಿದವು. ತರಂಗದೂರವನ್ನು ಸರಿನೋಡುವ ಪ್ರಯೋಗಾಲಯಗಳು ಗಾಜಿನ ಕೊಳವೆಯಲ್ಲಿ ಮುಚ್ಚಿದ ಹೈಡ್ರೋಜನ್ ಸಯನೈಡನ್ನೇ ಅಳತೆಗೋಲಾಗಿ ಬಳಸುವುದೂ ಉಂಟು.

ವಿಷವು ತೀರ ಅಲ್ಪವಾಗಿದ್ದರೆ ಒಂದು ಮೀಟರ್ ಗಾಳಿಯಲ್ಲಿ ಅದು ಹೀರುವ ಬೆಳಕೂ ತೀರ ಅಲ್ಪವೇ. ಬೆಳಕು ನಡೆಯುವ ದಾರಿಯನ್ನು ಉದ್ದವಾಗಿಸುವುದೇ ಇದಕ್ಕೆ ಪರಿಹಾರ. ಒಂದು ಮೀಟರ್ ಅಂತರದಲ್ಲಿ ಎದುರುಬದುರಾಗಿ ಎರಡು ಕನ್ನಡಿಗಳನ್ನು ನಿಲ್ಲಿಸೋಣ. ತಮ್ಮ ಮೇಲೆ ಬಿದ್ದ ಬೆಳಕಿನಲ್ಲಿ ಹತ್ತು ಸಾವಿರಕ್ಕೆ ಒಂದು ಪಾಲನ್ನು ಮಾತ್ರ ಕಳೆದು ಉಳಿದುದನ್ನೆಲ್ಲ ಹಿಂದಿರುಗಿಸುವಷ್ಟು ನಯವಾದ ಕನ್ನಡಿಗಳು ಅವು. ಒಳಗೆ ಸಿಕ್ಕ ಬೆಳಕು ಹಿಂದೆ ಮುಂದೆ ಓಡಾಡುತ್ತ ಮೂರನೆಯ ಒಂದು ಪಾಲಿಗೆ ತುಸು ಹೆಚ್ಚಾಗಿ ಉಳಿಯುವ ಹೊತ್ತಿಗೆ ಹತ್ತು ಕಿಲೋಮೀಟರ್ ದಾರಿ ನಡೆದಿರುತ್ತದೆ. ಹಿಡಿದ ಕಾಲ ಸೆಕೆಂಡಿನ ದಶಲಕ್ಷದಲ್ಲಿ ಮೂವತ್ತಮೂರು ಪಾಲು. ಗುಡಿಯ ಗಂಟೆಯನ್ನು ಬಾರಿಸಿ ಬಿಟ್ಟರೆ ನಾದವು ನಿಧಾನವಾಗಿ ಅಡಗುತ್ತದೆ. ಅಂಚಿಗೆ ಬಟ್ಟೆ ತಾಕಿದರೆ ಬೇಗ ಅಡಗುತ್ತದೆ. ಹಾಗೆಯೇ ಕನ್ನಡಿಗಳ ನಡುವೆ ವಿಷದ ಅಣುಗಳಿದ್ದರೆ ಬೆಳಕು ಬೇಗ ಅಡಗುತ್ತದೆ. ಅಡಗುವ ಕಾಲವನ್ನು ಅಳೆದರೆ ಅಣುಗಳ ಲೆಕ್ಕ ಸಿಗುತ್ತದೆ. ೧೯೮೮ರಲ್ಲಿ ಓಕೀಫ್ ಮತ್ತು ಡೀಕನ್ ಎಂಬ ವಿಜ್ಞಾನಿಗಳು ತೋರಿಸಿಕೊಟ್ಟ ಈ ವಿಧಾನವು ಶತಕೋಟಿಗೆ ಕೆಲವು ಪಾಲುಗಳನ್ನು ಗುರುತಿಸುವ ಉಪಕರಣಗಳಿಗೆ ತಳಹದಿಯಾಯಿತು.

ಬೆಳಕನ್ನು ಕಿವಿಯಿಂದ ಕೇಳುವ ಮಾರ್ಗ ಇನ್ನೊಂದು. ಬೆಳಕನ್ನು ಹೀರಿದ ಅನಿಲ ತುಸು ಬಿಸಿಯಾಗಿ ಹಿಗ್ಗುತ್ತದೆ; ಬೆಳಕನ್ನು ತಡೆತಡೆದು ಬಿಟ್ಟರೆ ಈ ಹಿಗ್ಗುಕುಗ್ಗು ಸದ್ದಾಗಿ ಕೇಳಿಸುತ್ತದೆ. ೧೮೮೦ರಲ್ಲಿ ಅಲೆಕ್ಸಾಂಡರ್ ಗ್ರಹಾಂ ಬೆಲ್ ಇದನ್ನು ಗಮನಿಸಿದ್ದರು. ತೊಂಬತ್ತು ವರ್ಷಗಳ ತರುವಾಯ ಇದಕ್ಕೆ ಹೊಸ ಜೀವ ಕೊಟ್ಟವರಲ್ಲಿ ಒಬ್ಬರು ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿದ ಕುಮಾರ್ ಪಟೇಲ್. ೧೯೬೪ರಲ್ಲಿ ಇಂಗಾಲದ ಡೈಆಕ್ಸೈಡ್ ಲೇಸರನ್ನು ನಿರ್ಮಿಸಿದ ಅವರು, ೧೯೭೧ರಲ್ಲಿ ಕ್ರೂಜರ್ ಎಂಬ ವಿಜ್ಞಾನಿಯೊಡನೆ, ಉರಿಯುವ ಇಂಧನದಿಂದ ಗಾಳಿಗೆ ಸೇರುವ ನೈಟ್ರಿಕ್ ಆಕ್ಸೈಡನ್ನು ಲೇಸರ್ ಮತ್ತು ಧ್ವನಿಗ್ರಾಹಕದಿಂದ ಪತ್ತೆಹಚ್ಚುವ ಬಗೆಯನ್ನು ಪ್ರಕಟಿಸಿದರು. ೧೯೯೪ರಲ್ಲಿ ಬೆಲ್ ಪ್ರಯೋಗಾಲಯದಲ್ಲಿಯೇ ಕ್ವಾಂಟಮ್ ಕ್ಯಾಸ್ಕೇಡ್ ಎಂಬ ಹೊಸ ಬಗೆಯ ಅರೆವಾಹಕ ಲೇಸರು ಹುಟ್ಟಿತು. ಫಾಸ್ಫೀನಿನಂಥ ಅಣುಗಳು ಬಲವಾಗಿ ಹೀರುವ ೯–೧೦ ಮೈಕ್ರಾನಿನ ಬೆಳಕೂ ಅದರಿಂದ ಪುಟ್ಟ ಪೆಟ್ಟಿಗೆಯೊಳಗೆ ದೊರೆಯುವಂತಾಯಿತು.

ಚದರಿದ ಬೆಳಕನ್ನು ಓದುವ ಮಾರ್ಗವೂ ಒಂದಿದೆ. ಅದು ನಮ್ಮವರದೇ ಕಾಣಿಕೆ. ಸರ್ ಸಿ. ವಿ. ರಾಮನ್ ಅವರು ೧೯೨೮ರ ಫೆಬ್ರವರಿ ೨೮ರಂದು ಕಲಕತ್ತೆಯಲ್ಲಿ ಕಂಡ ಪರಿಣಾಮವನ್ನು ಮಾರ್ಚ್ ೧೬ರಂದು ಬೆಂಗಳೂರಿನ ವಿದ್ವತ್ಸಭೆಯ ಮುಂದೆ ವಿವರಿಸಿದರು. ಅಣುವಿಗೆ ತಾಕಿ ಚದರಿದ ಬೆಳಕಿನಲ್ಲಿ ಕೊಂಚ ಪಾಲು ಆ ಅಣುವಿನ ಮಿಡಿತಕ್ಕೆ ತಕ್ಕಂತೆ ಬಣ್ಣ ಬದಲಿಸುತ್ತದೆ. ಈ ಬದಲಾವಣೆ ಬಹು ಕ್ಷೀಣವಾದುದರಿಂದ ಲೇಸರ್ ಬಂದ ಮೇಲೆಯೇ ಅದರ ಬಳಕೆ ವ್ಯಾಪಕವಾಯಿತು. ಮುಚ್ಚಿದ ಗಾಜಿನ ಸೀಸೆಯಲ್ಲಿರುವ ರಾಸಾಯನಿಕವನ್ನು ತೆರೆಯದೆಯೇ ಗುರುತಿಸುವ ಕೈಯುಪಕರಣಗಳು ಇಂದು ಈ ತತ್ವದ ಮೇಲೆಯೇ ಕೆಲಸ ಮಾಡುತ್ತವೆ.

ಲೇಸರ್ ಎಲ್ಲವನ್ನೂ ಕಾಣುತ್ತದೆಂದು ಮಾತ್ರ ಯಾರೂ ಭಾವಿಸಬಾರದು. ಯಾವ ಅಣುವಿಗೆ ಶ್ರುತಿ ಮಾಡಿದೆವೋ ಅದನ್ನಷ್ಟೇ ಅದು ಕಾಣುತ್ತದೆ. ಸಯನೈಡಿಗೆ ಶ್ರುತಿ ಮಾಡಿದ ಉಪಕರಣದ ಮುಂದೆ ಫಾಸ್ಫೀನ್ ತುಂಬಿದ್ದರೂ ಅದು ಸುಮ್ಮನಿರುತ್ತದೆ. ಪುಟ್ಟ ಅಣುಗಳ ಗೆರೆಗಳು ಸ್ಪಷ್ಟ. ಕೀಟನಾಶಕಗಳಂಥ ದೊಡ್ಡ ಅಣುಗಳ ಗೆರೆಗಳು ಒಂದರೊಳಗೊಂದು ಕಲೆತು ಮಸುಕಾಗುತ್ತವೆ. ಅಲ್ಲದೆ ಅವು ಗಾಳಿಯಲ್ಲಿ ಆವಿಯಾಗಿ ಇರುವುದಕ್ಕಿಂತ ಹೆಚ್ಚಾಗಿ ತುಂತುರಾಗಿ ತೇಲುತ್ತವೆ, ಚರ್ಮದ ಮೂಲಕವೂ ಒಳಸೇರುತ್ತವೆ. ಅವುಗಳ ಶೇಷವನ್ನು ಅಳೆಯಲು ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಇರುವಂಥ ವಿಶ್ಲೇಷಣಾ ಪ್ರಯೋಗಾಲಯಗಳೇ ಬೇಕು. ೨೦೧೭ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿಗೆ ಔಷಧಿ ಹೊಡೆದ ಹಲವು ರೈತರೂ ಕೂಲಿಕಾರರೂ ಸತ್ತು, ನೂರಾರು ಜನ ಆಸ್ಪತ್ರೆ ಸೇರಿದರು. ದೇವದುರ್ಗದ ಹತ್ತಿಯ ಹೊಲದಲ್ಲಿ ಬೆನ್ನಿಗೆ ಪಂಪು ಕಟ್ಟಿದವನನ್ನು ಕಾಯುವುದು ಇಂದಿಗೂ ಲೇಸರ್ ಅಲ್ಲ. ಮುಖಗವಸು, ಕೈಗವಸು, ಗಾಳಿಯ ದಿಕ್ಕಿನ ಎಚ್ಚರ ಮತ್ತು ಡಬ್ಬಿಯ ಮೇಲಿನ ಬರಹವನ್ನು ಓದಬಲ್ಲ ಅಕ್ಷರ.

ಉಪಕರಣವಿದ್ದಲ್ಲಿಯೂ ಅದರ ಮಾತಿಗೆ ಬೆಲೆ ಬರುವುದು ಕೇಳುವವರಿದ್ದಾಗ. ೧೯೮೪ರ ಡಿಸೆಂಬರ್ ೨ರ ರಾತ್ರಿ ಭೋಪಾಲದಲ್ಲಿ ಮೀಥೈಲ್ ಐಸೊಸಯನೇಟ್ ಸೋರತೊಡಗಿದಾಗ ಅದನ್ನು ಮೊದಲು ಅರಿತದ್ದು ಯಾವ ಮಾಪಕವೂ ಅಲ್ಲ, ಕಾರ್ಮಿಕರ ಉರಿಯುವ ಕಣ್ಣುಗಳು. ಅವರು ಹೇಳಿದ ಮೇಲೂ ಅಮೂಲ್ಯವಾದ ಹೊತ್ತು ಕಳೆದುಹೋಯಿತು. ಸಾವಿರಾರು ಜನ ಪ್ರಾಣ ಕಳೆದುಕೊಂಡರು. ಆ ದುರಂತದ ತರುವಾಯ ೧೯೮೭ರಲ್ಲಿ ಕಾರ್ಖಾನೆ ಕಾಯಿದೆಗೆ ತಿದ್ದುಪಡಿಯಾಗಿ, ವಿಷವಸ್ತುಗಳ ಮಿತಿಯ ಪಟ್ಟಿಯೂ, ಸನ್ನಿಹಿತ ಅಪಾಯದ ಬಗ್ಗೆ ಎಚ್ಚರಿಕೆ ಕೊಡುವ ಕಾರ್ಮಿಕರ ಹಕ್ಕೂ ಅದರಲ್ಲಿ ಸೇರಿದವು. ರಕ್ಷಣೆಯಿಲ್ಲದೆ ಮಲಗುಂಡಿಗೆ ಮನುಷ್ಯನನ್ನು ಇಳಿಸುವುದನ್ನು ೨೦೧೩ರ ಕಾಯಿದೆ ಅಪರಾಧವೆಂದು ಸಾರಿತು. ಅಳತೆಯು ವಿಜ್ಞಾನದ ಕೆಲಸ. ಅಳತೆ ಹೇಳಿದಾಗ ಯಂತ್ರವನ್ನು ನಿಲ್ಲಿಸುವುದು, ಗೋದಾಮಿನ ಬಾಗಿಲನ್ನು ತೆರೆದಿಡುವುದು, ಗುಂಡಿಗೆ ಇಳಿಯಹೊರಟವನನ್ನು ತಡೆಯುವುದು ಮನುಷ್ಯನ ಕೆಲಸ.

ಕಾಯಕಕ್ಕೆ ಗೌರವವಿದೆಯೆಂದು ಸಾರಿದ ಪರಂಪರೆಯ ನೆರಳಿನಲ್ಲಿ ಓದುವ ಮಕ್ಕಳಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಕಾಯಕವನ್ನು ಗೌರವಿಸುವವನು ಕಾಯಕ ಮಾಡುವವನ ಉಸಿರನ್ನೂ ಗೌರವಿಸಬೇಕು. ಗಣಿಗೆ, ಗಿರಣಿಗೆ, ಹೊಲಕ್ಕೆ ಹೋಗುವ ತಂದೆತಾಯಿಗಳ ಮಕ್ಕಳೇ ನಮ್ಮ ಶಾಲೆಗಳ ಬೆಂಚುಗಳಲ್ಲಿ ಕುಳಿತಿದ್ದಾರೆ. ಅವರು ಇಂದು ಪ್ರಯೋಗಶಾಲೆಯ ಬರ್ನರಿನ ನೀಲಿ ಜ್ವಾಲೆಗೆ ಚಿಟಿಕೆ ಉಪ್ಪು ಹಾಕಿ, ಪಟ್ಟಕದಲ್ಲಿ ಸೋಡಿಯಮ್ಮಿನ ಹಳದಿ ಗೆರೆಯನ್ನು ತಮ್ಮ ಕಣ್ಣಿನಿಂದಲೇ ನೋಡಲಿ. ಅವರಲ್ಲಿ ಕೆಲವರಾದರೂ ನಾಳೆ ನಮ್ಮ ಬಿಸಿಲಿಗೂ ನಮ್ಮ ಧೂಳಿಗೂ ತಾಳುವ, ಹಮಾಲನ ಕೈಗೂ ಎಟುಕುವ ಬೆಲೆಯ ಉಪಕರಣವನ್ನು ರಚಿಸಿಯಾರು. ಮಿಕ್ಕವರು ಅದರ ಎಚ್ಚರಿಕೆಯನ್ನು ಕೇಳಿ ಕೆಲಸ ನಿಲ್ಲಿಸುವ ಅಧಿಕಾರಿಗಳೂ ಮಾಲೀಕರೂ ಆಗಲಿ. ಈ ಎರಡೂ ಕೂಡಿದ ದಿನ, ಬೆಳಗ್ಗೆ ಬುತ್ತಿ ಕಟ್ಟಿಕೊಂಡು ಹೊರಟವನು ಸಂಜೆ ಮನೆಗೆ ಮರಳುವುದು ಅದೃಷ್ಟದ ಮಾತಾಗಿ ಉಳಿಯಲಾರದು.